ಹಿರಿಯರ ಎಡೆ ಉಂಡ ಕೊಲ್ಲಾಪುರಮ್ಮ

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯುವವರು ಒದೆಯಲಿ. ನಮ್ಮ ದೊಡ್ಡಜ್ಜಿ ಕೊಲ್ಲಾಪುರಮ್ಮನ ಕಣ್ಣು ಕಳೆದವಳು ಅವಳ ಓರಗಿತ್ತಿ ಚಿಕ್ಕಲಕ್ಷ್ಮಮ್ಮ. ಈ ಚಿಕ್ಕಲಕ್ಷ್ಮಮ್ಮ ನನ್ನ ಸ್ವಂತ ಅಜ್ಜಿ, ನನ್ನಪ್ಪನನ್ನು ಹೆತ್ತವಳು. ಆದರೂ ನಾನು ದೊಡ್ಡಜ್ಜಿಯ ಕಡೆಗೇ.

ಮೈಸೂರು ಸೀಮೆಗೆ ಇನ್ನೂ ಮಹಾರಾಜರಿದ್ದ ಕಾಲ. ನಮ್ಮದು ದೊಡ್ಡೇರಿ ಹತ್ತಿರದ ಹಳ್ಳಿ. ಕೊಲ್ಲಾಪುರಮ್ಮ ಆ ಮನೆಯ ಹಿರಿಸೊಸೆ. ಮಕ್ಕಳಾಗಲಿಲ್ಲ. ಗಂಡ ಸಿದ್ದಗಂಗಯ್ಯ ತೀರಿಕೊಂಡ ಮೇಲೆ ಮೈದುನ ರಂಗಯ್ಯನ ಜೊತೆಗೇ ಉಳಿದಳು. ಅರವತ್ತು ದಾಟಿದರೂ ಎಮ್ಮೆ ಕರೆಯುವುದು, ಮಜ್ಜಿಗೆ ಕಡೆಯುವುದು, ಬೆಣ್ಣೆ ಕಾಯಿಸುವುದು ಅವಳದೇ. ಅವಳ ಕೈಯಲ್ಲಿ ತುಪ್ಪವಿದ್ದಷ್ಟು ದಿನ ಮನೆಯಲ್ಲಿ ಎಲ್ಲರ ಮುದ್ದೆಗೂ ತುಪ್ಪ ಬೀಳುತ್ತಿತ್ತು. ಚಿಕ್ಕಲಕ್ಷ್ಮಮ್ಮನಿಗೆ ಅದೇ ಕಣ್ಣುರಿ. ಅವಳ ಜೀವವೆಲ್ಲ ಕೊರಟಗೆರೆಗೆ ಕೊಟ್ಟಿದ್ದ ಮಗಳ ಮೇಲೆ.

ಒಂದು ಸುಗ್ಗಿಯಲ್ಲಿ ರಾಗಿ ತೂರುವಾಗ ಗಾಳಿ ತಿರುಗಿ ಕೊಲ್ಲಾಪುರಮ್ಮನ ಕಣ್ಣಿಗೆ ಹೊಟ್ಟು ಹೊಕ್ಕಿತು. ಕಣ್ಣು ಊದಿ ಕೆಂಡವಾಯಿತು. ನಾಟಿವೈದ್ಯ ಪರ್ವತಯ್ಯ ಬಂದು ಯಾವುದೋ ಎಲೆಯ ರಸ ಹಿಂಡಿದ.

“ನಂಜಿನ ಪದಾರ್ಥ ಮುಟ್ಬಾರ್ದು ಕಣಮ್ಮ. ಸೊಪ್ಪು, ಸೀಗುಂಬಳ, ಬಾಡು, ಹಾಲು, ತುಪ್ಪ ಯಾವ್ದೂ ಬ್ಯಾಡ. ಬರೋ ಅಮಾಸೆಗಂಟ ಮುದ್ದೆ, ತಿಳಿಸಾರು ಅಷ್ಟೇಯ.”

ನಮ್ಮ ಕಡೆ ಗಾಯವೊಂದು ಕಂಡರೆ ಸಾಕು, ಊಟವೇ ವಿಷವಾಗಿಬಿಡುತ್ತದೆ. ನಂಜು ಅಂದರೆ ದೇವರಿಗಿಂತ ಹೆಚ್ಚು ಭಯ. ಅಮಾವಾಸ್ಯೆ ಬಂತು, ಹೋಯಿತು. ಕಣ್ಣಿನ ಕೆಂಪು ಇಳಿಯಿತು. ಪಥ್ಯ ಮಾತ್ರ ಇಳಿಯಲಿಲ್ಲ.

“ಇನ್ನೊಂದಷ್ಟ್ ದಿನ ತಡ್ಕೊಳಕ್ಕ. ನಂಜು ಒಳಗೇ ಕುಂತಿರ್ತದೆ,” ಎಂದು ಚಿಕ್ಕಲಕ್ಷ್ಮಮ್ಮ ಬೆಣ್ಣೆಯಂಥ ಮಾತಾಡಿದಳು. ಬೆಣ್ಣೆ ಮಾತಿನಲ್ಲಿ ಮಾತ್ರ. ವರ್ಷವೊಂದು ಕಳೆಯಿತು, ಇನ್ನೊಂದೂ ಕಳೆಯಿತು. ಮನೆಮಂದಿ ಸೊಪ್ಪಿನ ಬಸ್ಸಾರು ಉಣ್ಣುವಾಗ ಮನೆಯ ಹಿರಿಯಳು ಮೂಲೆಯಲ್ಲಿ ಕೂತು ಬರೀ ಮುದ್ದೆ ನುಂಗಿದಳು. ಮೊದಲು ಮುಸ್ಸಂಜೆಯಲ್ಲಿ ಹೊಸ್ತಿಲು ಎಡವಿದಳು. ಆಮೇಲೆ ಹೊತ್ತು ಮುಳುಗಿದರೆ ಎದುರಿಗಿದ್ದ ಎಮ್ಮೆಯೂ ಕಾಣದಾಯಿತು. ಒಂದು ಸಂಜೆ ಎಮ್ಮೆಗೆ ಇಡುವ ಕಲಗಚ್ಚಿನ ಬಾನಿಯೊಳಕ್ಕೇ ಬಿದ್ದಳು. ಚಿಕ್ಕಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ನೋಡ್ದಾ, ನಂಜು ಕಣ್ಣಿಗೇ ಏರ್ಬುಟ್ಟೈತೆ. ಇನ್ನು ಕರಾವು, ಕಡಗೋಲು ನಂಗೇ ಬುಡು.”

ಹಾಗೆ ಎಮ್ಮೆ ಅವಳ ಕೈಗೆ ಹೋಯಿತು. ಮರುದಿನದಿಂದಲೇ ಎಮ್ಮೆ ಹಾಲು ನೀರಾಗಿದೆ, ಬೆಣ್ಣೆ ಬರುವುದಿಲ್ಲ ಎಂದು ಗಂಡನಿಗೂ ಹೇಳಿದಳು. ರಂಗಯ್ಯ ನಂಬಿದ. ನನ್ನ ತಾತ ಏನು ಹೇಳಿದರೂ ನಂಬುವ ಆಸಾಮಿ.

ಆ ಬೇಸಿಗೆ ಪಾವಗಡದ ಕಡೆ ನಾಗಲಮಡಿಕೆಯಲ್ಲಿದ್ದ ಕೊಲ್ಲಾಪುರಮ್ಮನ ತಂಗಿ ಲಕ್ಕಮ್ಮ ಮಗಳ ಬಾಣಂತನಕ್ಕೆಂದು ಅಕ್ಕನನ್ನು ಕರೆಸಿಕೊಂಡಳು. ಮೊದಲ ದಿನವೇ ಗಂಗಳಕ್ಕೆ ನುಗ್ಗೆಸೊಪ್ಪು ಬಿತ್ತು. ಕೊಲ್ಲಾಪುರಮ್ಮ ನಂಜು ಅಂದಳು.

“ನಂಜಾ? ಅದೇಮಿಟೇ ಅಕ್ಕಾ? ಬಡವರ ಮನೇನಾಗೆ ಇರೋದೇ ಸೊಪ್ಪು. ಸುಮ್ಕೆ ತಿನ್ನು,” ಎಂದು ಲಕ್ಕಮ್ಮ ತೆಲುಗು ಬೆರೆಸಿ ಗದರಿದಳು.

ಬಾಗಿಲ ಮುಂದಿನ ನುಗ್ಗೆ, ಸೂರಿನ ಮೇಲಿನ ಸೀಗುಂಬಳ, ಮೇಕೆ ಕುಯ್ದ ದಿನ ಅದರ ಈಲಿ, ಅಂದರೆ ಲಿವರ್. ತಿಂಗಳು ತುಂಬುವುದರೊಳಗೆ ಕೊಲ್ಲಾಪುರಮ್ಮನಿಗೆ ಮುಸ್ಸಂಜೆಯಲ್ಲಿ ಬಾಣಂತಿಯ ಮುಖ ಕಂಡಿತು. ಖುಷಿಗೆ ಅತ್ತಳಂತೆ. ಅಳು ನಿಂತ ಮೇಲೆ ಸಿಟ್ಟು ಬಂತು. ಪಥ್ಯದ ಹೆಸರಲ್ಲಿ ತನ್ನ ಕಣ್ಣನ್ನು ಯಾರೋ ಬೇಕೆಂದೇ ಕಟ್ಟಿಹಾಕಿದ್ದರು ಎಂದು ಅವಳಿಗೆ ಗೊತ್ತಾಗಿಹೋಯಿತು.

ಊರಿಗೆ ವಾಪಸಾದವಳು ಕಣ್ಣು ಬಂದ ಸುದ್ದಿ ಎತ್ತಲೇ ಇಲ್ಲ. ಮೊದಲಿನಂತೆ ಗೋಡೆ ತಡವಿಕೊಂಡೇ ನಡೆದಳು. ಸಂಜೆ ಮೂಲೆಯಲ್ಲಿ ಕೂತು ನೋಡಿದಳು. ಚಿಕ್ಕಲಕ್ಷ್ಮಮ್ಮ ತುಪ್ಪದ ಕುಡಿಕೆಯನ್ನು ರಾಗಿ ಗುಡಾಣದೊಳಗೆ ಹೂಳುವುದನ್ನು ನೋಡಿದಳು. ಕೊರಟಗೆರೆಯ ಮಗಳು ಬಂದಾಗ ಅದು ಸೆರಗಿನಡಿ ಹೋಗುವುದನ್ನೂ ನೋಡಿದಳು. “ಎಲ್ಲಾ ಕಾಣ್ತಿತ್ತು ಕಣವ್ವ. ಆದ್ರೂ ತಡ್ಕಂಡೆ,” ಎಂದು ನನಗೆ ಹೇಳಿದ್ದಾಳೆ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಎಡೆ ಇಟ್ಟು, ಬಾಗಿಲೆಳೆದುಕೊಂಡು, ಎಲ್ಲರೂ ಅಂಗಳಕ್ಕೆ ಬರುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಅಂತ. ಆ ಸಂಜೆ ಸಿದ್ದಗಂಗಯ್ಯನ ಎಡೆಗೆ ಬಾಡು, ಕಡುಬು, ಸೀಗುಂಬಳದ ಪಲ್ಯ, ಮೇಲೆ ಸಂತೆಯಿಂದ ಕೊಂಡು ತಂದ ತುಪ್ಪ. ಹೆಂಡತಿಗೆ ನಂಜು, ಸತ್ತ ಗಂಡನಿಗೆ ತುಪ್ಪ! ದಾಯಾದಿಗಳೆಲ್ಲ ಹೊರಗೆ ನಿಂತರು. ಕತ್ತಲಲ್ಲಿ ಕುರುಡಿ ಎಲ್ಲಿ ಎಡವುತ್ತಾಳೋ ಎಂದು ಕೊಲ್ಲಾಪುರಮ್ಮನನ್ನು ಒಳಗೇ ಬಿಟ್ಟರು.

ಬಾಗಿಲು ತೆಗೆದಾಗ ಎಲೆ ಬರಿದಾಗಿತ್ತು. ಅವಳು ಎಲೆಯ ಮುಂದೆ ನೆಟ್ಟಗೆ ಕೂತಿದ್ದಳು.

“ರಂಗಯ್ಯ, ನಿಮ್ಮಣ್ಣ ಬಂದಿದ್ದ. ಎಲ್ಲಾನೂ ನಂಗೇ ಉಣ್ಸಿ, ಕಣ್ಣು ಕೊಟ್ಟು ಹೋದ. ನೋಡು, ನಿನ್ ಮುಖ ಕಾಣ್ತಾ ಐತೆ. ರಾಗಿ ಗುಡಾಣಕ್ಕೆ ಕೈ ಹಾಕು ಅಂದ.”

ರಂಗಯ್ಯ ಕೈ ಹಾಕಿದ. ತುಪ್ಪದ ಕುಡಿಕೆ ಬಂತು. ಅಂಗಳದಲ್ಲಿದ್ದವರೆಲ್ಲ ಒಳಗೆ ನುಗ್ಗಿದರು. ಕುರುಡಿಗೆ ಇದು ಹೇಗೆ ಗೊತ್ತು? ಸತ್ತವನೇ ಹೇಳಿರಬೇಕು. ಚಿಕ್ಕಲಕ್ಷ್ಮಮ್ಮ ಬರಿದಾದ ಎಲೆಗೆ ಅಡ್ಡಬಿದ್ದಳು.

“ಇನ್ನೊಂದ್ ಮಾತು ಅಂದ,” ಎಂದಳು ಕೊಲ್ಲಾಪುರಮ್ಮ. “ನಂಜು ನನ್ನಿಂದ ಇಳಿದು ಇವಳಿಗೆ ಏರೈತಂತೆ. ಪಥ್ಯ ಇನ್ಮೇಲೆ ಇವಳಿಗೇ.”

ಹಿರಿಯರ ಮಾತಿಗೆ ಎದುರಾಡುವವರು ಯಾರು? ಮಾಡಿದ್ದುಣ್ಣೋ ಮಹರಾಯ. ಎಮ್ಮೆ, ಕಡಗೋಲು, ತುಪ್ಪ ಎಲ್ಲ ಕೊಲ್ಲಾಪುರಮ್ಮನ ಕೈಗೆ ಬಂದವು. ಚಿಕ್ಕಲಕ್ಷ್ಮಮ್ಮನಿಗೆ ಮುದ್ದೆ, ತಿಳಿಸಾರು. ದೊಡ್ಡಜ್ಜಿ ಅವಳ ಎದುರಿಗೇ ಕೂತು ಸೊಪ್ಪಿನ ಸಾರಿಗೆ ತುಪ್ಪ ಬಿಟ್ಟುಕೊಂಡು ಸೊರ್ರನೆ ಎಳೆಯುತ್ತಿದ್ದಳು. ಪಾಪ ಅನ್ನಿಸಲಿಲ್ಲವೇ ಎಂದು ಮುಂದೊಮ್ಮೆ ನಾನು ಕೇಳಿದೆ. “ಯಾಕ್ ಅನ್ನಿಸ್ಬೇಕು?” ಅಂದಳು.

ವರ್ಷಗಳು ಉರುಳಿದವು. ಒಂದು ಸಂಜೆ ಚಿಕ್ಕಲಕ್ಷ್ಮಮ್ಮ ಗಂಗಳ ಸಿಗದೆ ನೆಲ ತಡವಿದಳು.

“ಅಕ್ಕ, ಕತ್ಲಾದ್ರೆ ಏನೂ ಕಾಣ್ತಿಲ್ಲ. ಈ ಸಲ ಹಬ್ಬಕ್ಕೆ ಭಾವ ಬಂದ್ರೆ ಕೇಳಕ್ಕ, ಪಥ್ಯ ಬುಡ್ಸು ಅಂತ.”

ಕೊಲ್ಲಾಪುರಮ್ಮ ಅವಳ ಕಿವಿಯ ಹತ್ತಿರ ಬಗ್ಗಿದಳು. “ನಿಮ್ ಭಾವ ಯಾವತ್ತೂ ಬರ್ಲಿಲ್ಲ ಕಣೆ. ನಂಗೆ ನಾಗಲಮಡಿಕೇಲೇ ಕಣ್ಣು ಬಂದಿತ್ತು. ಗುಡಾಣಕ್ಕೆ ನೀನು ಕೈ ಹಾಕಿದ್ದು ನಾನೇ ನೋಡ್ದೆ. ಎಡೇನೂ ನಾನೇ ತಿಂದೆ.”

ಚಿಕ್ಕಲಕ್ಷ್ಮಮ್ಮ ಇದನ್ನು ಯಾರಿಗೆ ಹೇಳಿಯಾಳು? ಹೇಳಿದರೆ ಕದ್ದ ತುಪ್ಪದ ಕತೆಯೂ ಮತ್ತೆ ಎದ್ದು ಕೂರುತ್ತದೆ. ಕೊಲ್ಲಾಪುರಮ್ಮ ಅವಳ ಗಂಗಳಕ್ಕೆ ನುಗ್ಗೆಸೊಪ್ಪಿನ ಬಸ್ಸಾರು ಸುರಿದು, ಮೇಲೆ ತುಪ್ಪ ಬಿಟ್ಟಳು.

“ತಿನ್ನು. ನಿನ್ ಕಣ್ಣು ಬರ್ಲಿ. ನಾನ್ ಸಾಯೋಗಂಟ ದಿನಾ ಸಂಜೆ ನನ್ ಮುಖ ನೋಡ್ಕೊಂಡೇ ಉಣ್ಬೇಕು ನೀನು.”

ನನ್ನಜ್ಜಿ ಅಳುತ್ತಾ ತಿಂದಳು. ಕಣ್ಣು ಬಂತು. ಆಮೇಲೆ ಬಹಳ ವರ್ಷ ಇಬ್ಬರೂ ಎದುರುಬದುರು ಕೂತೇ ಉಂಡರು.