ಮನ್ನೂಬಿಯಾ ಖಾಲ್ತಿಯ ಹುರಿಹಿಟ್ಟು

ಬೇಸಿಗೆ ಬಂತೆಂದರೆ ಕಡಲತೀರದ ಊರು ಮಹ್ದಿಯಾದ ನಮ್ಮ ಬೀದಿಯ ಹೆಂಗಸರು ಮೊದಲು ವಿಚಾರಿಸುತ್ತಿದ್ದದ್ದು ಮನ್ನೂಬಿಯಾ ಖಾಲ್ತಿ ಯಾವ ದಿನ ಯಾರ ಮನೆಗೆ ಎಂಬುದನ್ನು. ವರ್ಷಕ್ಕೆ ಬೇಕಾದ ಕುಸ್ಕುಸನ್ನು ಬಿಸಿಲಿರುವಾಗಲೇ ಮಾಡಿ ಒಣಗಿಸಿಟ್ಟುಕೊಳ್ಳಬೇಕು. ಅಗಲವಾದ ಮರದ ಬೋಗುಣಿಯಲ್ಲಿ ಗೋಧಿ ರವೆ ಹರಡಿ, ನೀರು ಚಿಮುಕಿಸಿ, ಒಣಹಿಟ್ಟು ಉದುರಿಸಿ ಅಂಗೈಯಿಂದ ಸುತ್ತಿಸುತ್ತಿ ಉಜ್ಜುತ್ತಿದ್ದರೆ ಕಾಳು ಕಟ್ಟುತ್ತದೆ. ಎಲ್ಲರೂ ಉಜ್ಜುತ್ತಾರೆ. ಆದರೆ ಖಾಲ್ತಿಯ ಕೈಯಲ್ಲಿ ಕಟ್ಟಿದ ಕಾಳುಗಳೆಲ್ಲ ಒಂದೇ ಗಾತ್ರ, ಬೇಯಿಸಿದರೆ ಒಂದಕ್ಕೊಂದು ಅಂಟುವುದಿಲ್ಲ. ಮದುವೆಯ ಮನೆಯವರು ತಿಂಗಳ ಮೊದಲೇ ಬಂದು ಹೇಳಿ ಹೋಗುತ್ತಿದ್ದರು. ಈಗ ಅವರು ಯಾರ ಮನೆಗೂ ಹೋಗುವುದಿಲ್ಲ. ಮಣಿಕಟ್ಟು ನೋವು ಎನ್ನುತ್ತಾರೆ. ಅವರ ಮಣಿಕಟ್ಟಿಗೆ ಏನೂ ಆಗಿಲ್ಲ. ಆದದ್ದು ಏನೆಂದು ನನಗೆ ಗೊತ್ತು, ಅದರಲ್ಲಿ ನನ್ನ ಪಾಲೂ ಇದೆ.

ಖಾಲ್ತಿ ಎಂದರೆ ತಾಯಿಯ ಸಹೋದರಿ; ಇವರು ನನ್ನ ಗಂಡ ವಜ್ದಿಯ ದೊಡ್ಡಮ್ಮ. ಅವನ ತಾಯಿ ಬೇಗ ತೀರಿಕೊಂಡರು, ಸಾಕಿದ್ದೆಲ್ಲ ಇವರೇ. ಅವರ ಗಂಡ ಸಾರ್ಡೀನ್ ಹಿಡಿಯುವ ದೋಣಿಯಲ್ಲಿ ಕೆಲಸಕ್ಕಿದ್ದರಂತೆ, ನಾನು ನೋಡಿಲ್ಲ. ನಾವಿರುವುದು ಒಂದೇ ಅಂಗಳದ ಸುತ್ತಲಿನ ಕೋಣೆಗಳಲ್ಲಿ. ಒಂದು ಬದಿ ನಾವು, ಎದುರು ಬದಿ ಅವರು, ನಡುವೆ ಒಂದು ನಿಂಬೆಗಿಡ, ಒಂದು ಬಾವಿ, ಬಾವಿಯ ಪಕ್ಕದಲ್ಲಿ ಅವರ ತಾಯಿಯಿಂದ ಬಂದ ಬೀಸುವ ಕಲ್ಲು.

ನಾನು ಟ್ಯೂನಿಸ್ ನಗರದಲ್ಲಿ ಓದಿ ಬೆಳೆದವಳು. ಹೊಟ್ಟೆಯಲ್ಲಿ ಮಗು ನಿಂತ ದಿನದಿಂದ ನನಗೆ ತಿನ್ನುವ ವಸ್ತುಗಳ ಮೇಲೆಲ್ಲ ಅನುಮಾನ. ಡಬ್ಬದ ಟೊಮೆಟೊ, ಬಣ್ಣದ ಮೊಸರು, ಪ್ಲಾಸ್ಟಿಕ್ ಬಾಟಲಿಯ ಎಣ್ಣೆ, ಒಂದೊಂದರ ಹಿಂದಿನ ಸಣ್ಣ ಅಕ್ಷರಗಳನ್ನೂ ಓದಿ ಓದಿ ಎತ್ತಿಟ್ಟೆ. ಸಂತೆಗೆ ಬಟ್ಟೆ ಚೀಲ, ವಾರಕ್ಕೆ ಒಂದೇ ದಿನ ಮಾಂಸ, ಉಳಿದ ದಿನ ಕಡಲೆ, ಬೇಳೆ, ಸೊಪ್ಪು, ಸಣ್ಣ ಮೀನು. ಸಿಪ್ಪೆಗಳೆಲ್ಲ ಪಕ್ಕದ ಮನೆ ನಾಜಿಯಾಳ ಕುರಿಗೆ. ಖಾಲ್ತಿ ಇದನ್ನೆಲ್ಲ ಬಾಗಿಲಲ್ಲಿ ಕುಳಿತು ನೋಡುತ್ತಿದ್ದರು.

"ಅಲ್ಲ ಬಿಂತಿ," ಎಂದರು ಒಂದು ದಿನ. ಬಿಂತಿ ಎಂದರೆ ಮಗಳೇ, ನನ್ನನ್ನು ಅವರು ಕರೆಯುವುದು ಹಾಗೆಯೇ. "ಇಷ್ಟೆಲ್ಲ ಓದಿ ನೀನು ಕಂಡುಹಿಡಿದಿದ್ದು ಇದೇನಾ? ಇದನ್ನ ನಾವು ಬಡತನ ಅಂತಿದ್ವಲ್ಲೇ."

ನಾಜಿಯಾ ಗೋಡೆಯಾಚೆಯಿಂದ, "ನಮ್ಮ ಕುರಿ ಮಾತ್ರ ನಿನ್ನ ಓದಿಗೆ ದುವಾ ಮಾಡ್ತಿದೆ ಕಣಮ್ಮ," ಎಂದಳು. ನನಗೆ ಕೋಪ ಬರಲಿಲ್ಲ. ನಾನು ಪುಸ್ತಕದಲ್ಲಿ ಹುಡುಕುತ್ತಿದ್ದದ್ದು ಎದುರಿನ ಕೋಣೆಯಲ್ಲೇ ಇದೆಯಲ್ಲ ಎಂದು ಖುಷಿಯಾಗಿತ್ತು.

ಮಗಳು ರನೀಮ್‌ಗೆ ಏಳು ತಿಂಗಳಾದಾಗ ಅವಳಿಗೆ ಕೊಡುತ್ತಿದ್ದದ್ದು ಪೊಟ್ಟಣದ ಅಕ್ಕಿಹಿಟ್ಟು. ಎಲ್ಲೋ ದೂರದ ದೇಶದಲ್ಲಿ ಮಾಡಿ, ಹಡಗು ಹತ್ತಿಸಿ ತಂದದ್ದು. ಅದನ್ನು ನಿಲ್ಲಿಸಿದವಳು ನಾನು. ಖಾಲ್ತಿ ಹೇಳಿದ್ದಲ್ಲ. ನಾನೇ ಅವರ ಬಾಗಿಲಿಗೆ ಹೋಗಿ, "ಖಾಲ್ತಿ, ನೀವು ಮಕ್ಕಳಿಗೆ ಮೊದಲ ತುತ್ತು ಏನು ಕೊಡ್ತಿದ್ರಿ?" ಎಂದು ಕೇಳಿದೆ.

ಅವರ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಮರುದಿನವೇ ಬಾರ್ಲಿ ತೊಳೆದು ಮಾಳಿಗೆಯ ಮೇಲೆ ಒಣಗಿಸಿದರು. ಕಡಲೆ, ಮೆಂತ್ಯ, ಸೋಂಪು ಸೇರಿಸಿ ಮಣ್ಣಿನ ಹಂಚಿನಲ್ಲಿ ಹುರಿದು, ಕಲ್ಲಿನ ಮುಂದೆ ಕಾಲು ಚಾಚಿ ಕುಳಿತು ಬೀಸಿದರು. ಬ್ಸೀಸಾ ಎಂಬ ಹುರಿಹಿಟ್ಟು ಅದು. ಆಲಿವ್ ಎಣ್ಣೆ, ಖರ್ಜೂರದ ರಸ ಹಾಕಿ ಬೆರಳಲ್ಲಿ ಕಲಸಿ ಮಗುವಿನ ನಾಲಿಗೆಗೆ ಸವರಿದರು. ಪೊಟ್ಟಣವಿಲ್ಲ, ಹಡಗಿಲ್ಲ, ಹತ್ತು ಮೈಲಿಯೊಳಗೆ ಬೆಳೆದ ಕಾಳು. ನಾನು ಫೋಟೊ ತೆಗೆದು ಅಮ್ಮನಿಗೆ ಕಳಿಸಿದೆ.

ಮೊದಲ ತಿಂಗಳು ಏನೂ ಕಾಣಲಿಲ್ಲ. ಆಮೇಲೆ ಮಗುವಿನ ಕೆನ್ನೆ ಇಳಿಯಿತು. ಹಲ್ಲು ಬರುತ್ತಿದೆ ಎಂದರು. ಭೇದಿ ಶುರುವಾಯಿತು, ಅದಕ್ಕೂ ಹಲ್ಲೇ ಕಾರಣವಾಯಿತು. ಹನ್ನೊಂದನೆಯ ತಿಂಗಳಿಗೆ ಕಾಲುಗಳು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿ ನಿಂತಿತ್ತು. ಯಾರ ಹತ್ತಿರವೂ ಹೋಗದೆ ಇಡೀ ದಿನ ಕುಂಯ್‌ಗುಟ್ಟುತ್ತಿದ್ದಳು. ನಾನು ದಿನಕ್ಕೆ ಮೂರು ಸಲ ತೂಕ ನೋಡುತ್ತಿದ್ದೆ. ವಜ್ದಿ ತಕ್ಕಡಿಯನ್ನು ಅಟ್ಟದ ಮೇಲೆ ಬಚ್ಚಿಟ್ಟ.

"ಶಕ್ತಿ ಸಾಲದು ಕಣೇ," ಎಂದರು ಖಾಲ್ತಿ. "ಇನ್ನೊಂದು ಹೊತ್ತು ಜಾಸ್ತಿ ಕೊಡೋಣ."

ನಾನು ಒಪ್ಪಿದೆ. ಮಗು ಸೊರಗಿದಷ್ಟೂ ಹುರಿಹಿಟ್ಟು ಹೆಚ್ಚಾಯಿತು. ಬೆಳಗ್ಗೆ, ಮಧ್ಯಾಹ್ನ, ಸಂಜೆ.

ಹದಿನಾಲ್ಕು ತಿಂಗಳಾದಾಗ ಅವಳು ನಿಲ್ಲುತ್ತಿದ್ದ ಕಾಲನ್ನೂ ಮಡಚಿ ಕೂತುಬಿಟ್ಟಳು. ಮೊನಾಸ್ತಿರ್‌ನಲ್ಲಿ ಮಕ್ಕಳ ಡಾಕ್ಟರಮ್ಮ ಒಬ್ಬರಿದ್ದಾರೆಂದು ಯಾರೋ ಹೇಳಿದರು. ನಾನು, ಖಾಲ್ತಿ, ಮಗು ಬಾಡಿಗೆ ಕಾರಿನಲ್ಲಿ ಹೋದೆವು. ಡಾಕ್ಟರಮ್ಮ ರಕ್ತ ನೋಡಿದರು, ಮುಂದಿನ ವಾರ ಕರುಳಿನ ಚೂರು ತೆಗೆದು ನೋಡಿದರು. ಸೀಲಿಯಾಕ್ ಎಂಬ ಕಾಯಿಲೆ. ಗೋಧಿ, ಬಾರ್ಲಿ ಒಳಗೆ ಹೋದರೆ ಮಗುವಿನ ಕರುಳೇ ಸವೆಯುತ್ತದೆ, ಉಳಿದ ಯಾವ ಊಟವೂ ಮೈಗೆ ಹತ್ತುವುದಿಲ್ಲ. ಇಂಥವರ ಮುಂದೆ ಗೋಧಿಯ ತುಣುಕೂ ಸುಳಿಯಬಾರದು, ಬದುಕಿರುವವರೆಗೂ.

"ವಂಶದಲ್ಲಿ ಹೀಗೆ ಸೊರಗಿದ ಮಕ್ಕಳಿದ್ದರಾ?" ಎಂದು ಅವರು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ.

ಖಾಲ್ತಿ ಹಿಂದಿನ ಕುರ್ಚಿಯಲ್ಲಿದ್ದರು. "ನನ್ನ ಮೂರೂ ಹೀಗೇ ಇದ್ವು," ಎಂದರು.

ಖಾಲ್ತಿಗೆ ಮಕ್ಕಳಾಗಿರಲಿಲ್ಲ ಎಂದೇ ನಾನು ತಿಳಿದಿದ್ದೆ. ವಜ್ದಿ ಕೂಡ ಆ ವಿಷಯ ಎತ್ತಿರಲಿಲ್ಲ. ಅಷ್ಟು ವರ್ಷ ಒಂದೇ ಅಂಗಳದಲ್ಲಿದ್ದೂ.

"ಹೊಟ್ಟೆ ದಪ್ಪ, ಕೈಕಾಲು ಸಣ್ಣ?" ಎಂದರು ಡಾಕ್ಟರಮ್ಮ.

"ಹ್ಞೂಂ ತಾಯಿ. ಕುಂಡೆ ಮೇಲಿನ ಚರ್ಮ ಜೋತು ಬೀಳ್ತಿತ್ತು. ಒಬ್ಬನೂ ನಾಲ್ಕು ವರ್ಷ ದಾಟಲಿಲ್ಲ. ದೃಷ್ಟಿ ಅಂದ್ರು. ಗಂಡ ಹೆಂಡ್ತಿ ಸಂಬಂಧದವರು, ರಕ್ತ ದುರ್ಬಲ ಅಂದ್ರು."

"ಏನು ತಿನ್ನಿಸ್ತಿದ್ರಿ?"

ಖಾಲ್ತಿ, "ಹುರಿಹಿಟ್..." ಎಂದು ತಡೆದು ತಮ್ಮ ಬೆರಳುಗಳನ್ನು ನೋಡಿಕೊಂಡರು. ಡಾಕ್ಟರಮ್ಮನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತ್ತು. ಆಮೇಲೆ ಅವರು ಮೆಲ್ಲಗೆ, "ಆ ಕಾಲದ್ದು ಈಗ ಖಚಿತವಾಗಿ ಹೇಳೋಕಾಗಲ್ಲಮ್ಮ, ಬೇರೆ ನೂರು ಕಾಯಿಲೆ ಇದ್ವು," ಎಂದು ಪುಟ ತಿರುಗಿಸಿದರು.

ಎದ್ದು ಬರುವಾಗ ಖಾಲ್ತಿ ಒಂದೇ ಮಾತು ಕೇಳಿದ್ದು. "ಜೋಳ ಕೊಡಬಹುದಾ?"

"ಧಾರಾಳವಾಗಿ. ಅಕ್ಕಿ, ಮುಸುಕಿನ ಜೋಳ, ಬಿಳಿ ಜೋಳ, ಮೂರೂ ಕೊಡಬಹುದು."

ಮೊದಲ ಐದು ವಾರ ಬರೀ ಅನ್ನ, ಆಲೂಗಡ್ಡೆ, ಮೀನು. ರನೀಮ್‌ಳ ಹೊಟ್ಟೆ ಇಳಿಯಿತು. ಒಂದು ಮಧ್ಯಾಹ್ನ ನಿಂಬೆಗಿಡ ಹಿಡಿದು ಎದ್ದು ನಿಂತು ನಕ್ಕಳು. ಖಾಲ್ತಿ ಆ ದಿನ ಅಂಗಳದಲ್ಲೆಲ್ಲ ಓಡಾಡಿ ಎಲ್ಲರಿಗೂ ಹೇಳಿದರು. ಮರುದಿನ ಸಂತೆಯಿಂದ ಜೋಳ ತಂದರು. ಜೋಳದ ಗಂಜಿ ಇಲ್ಲಿ ಚಳಿಗಾಲದ ಬೆಳಗಿನ ತಿಂಡಿ, ಎಲ್ಲರೂ ಕುಡಿಯುತ್ತಾರೆ. ಅವರು ಒಂದೊಂದು ಕಾಳನ್ನೂ ಆರಿಸಿದರು, ಮೂರು ನೀರಿನಲ್ಲಿ ತೊಳೆದರು, ಕಲ್ಲು ಬೆರೆಯದಂತೆ ಎರಡು ಸಲ ಕೇರಿದರು. ಬೀಸಿ, ಜಾಲರಿಯಲ್ಲಿ ಸೋಸಿ, ಹಾಲು ಹಾಕಿ ಕಾಯಿಸಿ ತಾವೇ ಕುಡಿಸಿದರು. ಆ ಹೆಂಗಸು ಒಂದು ಮಗುವಿಗೆ ಅಷ್ಟು ಎಚ್ಚರದಿಂದ ಏನನ್ನಾದರೂ ಮಾಡಿದ್ದನ್ನು ನಾನು ನೋಡಿರಲಿಲ್ಲ. ಮಗು ಕುಡಿದು ಬಟ್ಟಲು ನೆಕ್ಕಿತು.

ಮೂರು ವಾರಕ್ಕೆ ಭೇದಿ ಮತ್ತೆ ಬಂತು. ಹೊಟ್ಟೆ ಮತ್ತೆ ಉಬ್ಬಿತು.

ನನಗೆ ತಲೆ ಕೆಟ್ಟುಹೋಯಿತು. ನಾಜಿಯಾ ಏನಾದರೂ ಕೊಟ್ಟಳೇ, ವಜ್ದಿಯ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಇತ್ತೇ, ಬೀದಿಯ ಮಕ್ಕಳು ಬ್ರೆಡ್ಡಿನ ಚೂರು ಬಾಯಿಗಿಟ್ಟರೇ. ಎಲ್ಲರನ್ನೂ ಕೇಳಿ ಜಗಳವಾಡಿ ಕೊನೆಗೆ ಖಾಲ್ತಿಯ ಬಾಗಿಲಿಗೆ ಹೋದೆ.

"ಖಾಲ್ತಿ, ನಿಜ ಹೇಳಿ. ಕದ್ದು ಹುರಿಹಿಟ್ಟು ಕೊಡ್ತಿದ್ದೀರಾ?"

ಅವರು ಕುಳಿತಲ್ಲಿಂದಲೇ ತಲೆ ಎತ್ತಿದರು. "ಕೊಡ್ತೀನಾ ಬಿಂತಿ? ಅಲ್ಲಿ ಕೂತು ಕೇಳಿಸ್ಕೊಂಡ ಮೇಲೂ ಕೊಡ್ತೀನಾ?"

ವಜ್ದಿ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದ. "ನಿನ್ನ ಬಾಯಿಗೆ ಒಂದು ಬೀಗ ಬೇಕು ಮಾರಾಯ್ತಿ," ಎಂದ. ಆ ವಾರವೆಲ್ಲ ನನ್ನೊಡನೆ ಮಾತಾಡಲಿಲ್ಲ.

ಡಾಕ್ಟರಮ್ಮನ ಮುಂದೆ ಮತ್ತೆ ಕುಳಿತಾಗ ಅವರು ಕೇಳಿದ್ದು ನಾನು ಕೇಳಬೇಕಾಗಿದ್ದ ಪ್ರಶ್ನೆ. "ಜೋಳ ಎಲ್ಲಿ ಬೀಸ್ತೀರಿ?"

ಅರವತ್ತು ವರ್ಷ ಬಾರ್ಲಿ, ಗೋಧಿ ಬೀಸಿದ ಕಲ್ಲು. ಕಲ್ಲಿನ ಹಲ್ಲುಗಳ ನಡುವೆ, ಜಾಲರಿಯ ಎಳೆಗಳಲ್ಲಿ, ಬೋಗುಣಿಯ ಬಿರುಕಿನಲ್ಲಿ, ಹಿಟ್ಟು ಮುಚ್ಚುವ ಬಟ್ಟೆಯಲ್ಲಿ ಎಲ್ಲ ಕಡೆ ಅದೇ ಇದೆ. ಚಿಟಿಕೆ ಸಾಕು ಎಂದರು ಡಾಕ್ಟರಮ್ಮ. ಖಾಲ್ತಿ ಮನೆಗೆ ಬಂದವರೇ ಕಲ್ಲನ್ನು ಬಿಸಿನೀರು, ಉಪ್ಪು ಹಾಕಿ ನಾಲ್ಕು ದಿನ ಉಜ್ಜಿದರು. ಮಂಡಿಯೂರಿ, ತಂತಿಯ ಬ್ರಷ್ಷಿನಿಂದ. ಐದನೆಯ ದಿನ ನನ್ನನ್ನು ಕರೆದು ತೋರಿಸಿದರು.

"ನೋಡು, ಮೂಸಿ ನೋಡು. ವಾಸನೆ ಕೂಡ ಇಲ್ಲ."

"ಬೇಡ ಖಾಲ್ತಿ," ಎಂದೆ.

"ಹೊಸ ಕಲ್ಲಿನ ಹಾಗಾಗಿದೆ ಕಣೇ."

"ಬೇಡ."

ಅವರು ಬ್ರಷ್ಷನ್ನು ಬಕೆಟ್ಟಿಗೆ ಹಾಕಿದರು. ಸಂಜೆ ಕಲ್ಲು ಅಂಗಳದಲ್ಲಿರಲಿಲ್ಲ. ಯಾರ ಕೈಲಿ ಹೊರಿಸಿ ಎಲ್ಲಿಗೆ ಕಳಿಸಿದರೋ ನಾನು ಕೇಳಲಿಲ್ಲ.

ಅಂದಿನಿಂದ ನಮ್ಮ ಮನೆಗೆ ಬರುವುದು ಪರದೇಶದ ಪೊಟ್ಟಣದ ಹಿಟ್ಟು. ಪ್ಲಾಸ್ಟಿಕ್ಕಿನೊಳಗೆ ಪ್ಲಾಸ್ಟಿಕ್ಕು, ಅದರ ಮೇಲೆ ರಟ್ಟು. ತೆರೆದು ತೆರೆದು ಎಸೆಯುವಾಗ ನನ್ನ ಕೈ ನಾಚಿಕೊಳ್ಳುವುದನ್ನೂ ಬಿಟ್ಟಿದೆ.

ಆ ವರ್ಷ ಬೇಸಿಗೆ ಬಂತು. ಕುಸ್ಕುಸ್ ಕಟ್ಟುವ ಕಾಲ. ಮೊದಲ ಸರದಿ ಯಾವಾಗಲೂ ನಮ್ಮ ಅಂಗಳದ್ದೇ. ಹತ್ತು ಹೆಂಗಸರು ಸೇರಿ ಉಜ್ಜುತ್ತಿದ್ದರೆ ಹಿಟ್ಟು ಗಾಳಿಯಲ್ಲಿ ಮೋಡದ ಹಾಗೆ ನಿಲ್ಲುತ್ತದೆ, ಬಾವಿಕಟ್ಟೆ, ಬಟ್ಟೆತಂತಿ, ಮಕ್ಕಳ ಕೂದಲು ಎಲ್ಲ ಬೆಳ್ಳಗೆ. ರನೀಮ್ ಆಗ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಈ ವರ್ಷ ಬೇಡವೆಂದು ಹೇಳು ಎಂದು ವಜ್ದಿಗೆ ಹೇಳಿದೆ. ಅವನು ಗೋಡೆ ನೋಡಿದ. "ನನ್ನ ಕೈಲಾಗಲ್ಲ. ಅದೊಂದೇ ಇರೋದು ಅವರಿಗೆ," ಎಂದ. ಕೊನೆಗೆ ಹೇಳಿದವಳು ನಾನೇ. ಅಂಗಳದಲ್ಲಿ ಬೇಡ, ಬೇರೆಯವರ ಮನೆಗೆ ಹೋಗಿ ಬಂದರೆ ಬಟ್ಟೆ ಬದಲಾಯಿಸಬೇಕು, ಮಗುವನ್ನು ಮುಟ್ಟುವ ಮೊದಲು ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಳ್ಳಬೇಕು. ಒಂದೇ ಉಸಿರಿಗೆ, ಶಾಲೆಯ ಟೀಚರ್ ಹೇಳುವ ಹಾಗೆ ಹೇಳಿದೆ.

"ಸರಿ ಬಿಂತಿ," ಎಂದರು.

ಹೆಂಗಸರು ಒಬ್ಬೊಬ್ಬರಾಗಿ ಬಂದರು. ಖಾಲ್ತಿ ಎಲ್ಲರಿಗೂ ಮಣಿಕಟ್ಟು ನೋವು ಎಂದು ಹೇಳಿದರು. ನಾಜಿಯಾ ಮಾತ್ರ ಗೋಡೆಯಾಚೆಯಿಂದ ನನಗೆ ಕೇಳಲೆಂದೇ, "ಮಣಿಕಟ್ಟು ನೋವೋ, ಟ್ಯೂನಿಸ್ ನೋವೋ," ಎಂದಳು. ಖಾಲ್ತಿ, "ಸುಮ್ನಿರೇ ನಾಜಿಯಾ, ಅವಳು ತಾಯಿ," ಎಂದರು. ನಾಜಿಯಾಳ ಮಾತನ್ನು ತಡೆದುಕೊಂಡೇನು, ಖಾಲ್ತಿ ನನ್ನ ಪರ ಮಾತಾಡಬಾರದಿತ್ತು.

ಆ ಬೇಸಿಗೆಯ ಕೊನೆಯಲ್ಲಿ ನಾವಿಬ್ಬರೂ ಬಾಗಿಲಲ್ಲಿ ಕುಳಿತು ಬೀನ್ಸ್ ಬಿಡಿಸುತ್ತಿದ್ದೆವು. ಮಗು ಒಳಗೆ ಮಲಗಿತ್ತು. ಖಾಲ್ತಿ ಇದ್ದಕ್ಕಿದ್ದಂತೆ ಮಾತಾಡಿದರು.

"ಎರಡನೆಯವನು ಇದ್ನಲ್ಲ, ತಾಹರ್. ಅವನು ಹುರಿಹಿಟ್ಟು ತಿಂತಾನೇ ಇರ್ಲಿಲ್ಲ. ಬೆರಳು ಹತ್ತಿರ ತಂದ್ರೆ ಮುಖ ತಿರುಗಿಸೋನು. ಹಟ ಅಂತ ಮೂಗು ಹಿಡಿದು ಹಾಕ್ತಿದ್ದೆ. ಉಸಿರಿಗೆ ಬಾಯಿ ತೆರೀಲೇಬೇಕಲ್ಲ."

ನಾನು ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿದೆ.

"ನುಂಗಿದ ಮೇಲೆ ನನ್ನನ್ನ ಒಂಥರಾ ನೋಡೋನು."

"ನಿಮಗೆ ಗೊತ್ತಿರಲಿಲ್ಲ ಖಾಲ್ತಿ. ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರ್ ಹೇಳಿದ್ರಲ್ಲ, ಅದೇ ಅಂತ ಖಚಿತ ಇಲ್ಲ."

"ನನಗೆ ಗೊತ್ತಿರಲಿಲ್ಲ," ಎಂದರು. "ಅವನಿಗೆ ಗೊತ್ತಿತ್ತು."

ಒಂದು ಕಾಯಿಯನ್ನು ಎತ್ತಿಕೊಂಡು ಬಿಡಿಸಿದರು, ಕಾಳನ್ನು ಬಟ್ಟಲಿಗೆ ಹಾಕಿದರು. ಮಗು ಎದ್ದ ಸದ್ದಾಯಿತು, ಅದೇ ನೆಪ ಮಾಡಿಕೊಂಡು ಒಳಗೆ ಹೋದೆ.

ಅದಾಗಿ ಎರಡು ವರ್ಷ. ರನೀಮ್ ನಡೆಯುತ್ತಾಳೆ, ಓಡುತ್ತಾಳೆ, ಆದರೆ ಅವಳ ವಯಸ್ಸಿನವರ ಭುಜದಷ್ಟೇ ಎತ್ತರ. ಕಳೆದುಹೋದ ತಿಂಗಳುಗಳು ಹಾಗೆಲ್ಲ ವಾಪಸು ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಖಾಲ್ತಿ ನಮ್ಮ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ. ತಮ್ಮ ಕೋಣೆಯಲ್ಲಿ ಏನು ಬೇಯಿಸಿಕೊಳ್ಳುತ್ತಾರೋ ವಾಸನೆ ಬರುವುದಿಲ್ಲ. ತುಂಬ ಇಳಿದುಹೋಗಿದ್ದಾರೆ. ವಜ್ದಿ ತಟ್ಟೆ ತೆಗೆದುಕೊಂಡು ಹೋದರೆ, "ಈಗ ತಾನೆ ಆಯ್ತು ಕಣೋ," ಎನ್ನುತ್ತಾರೆ.

ನಿನ್ನೆ ಮಗು ಆಡುತ್ತ ಅವರ ಬಾಗಿಲಿಗೆ ಹೋಯಿತು. ಎತ್ತಿಕೋ ಎಂದು ಎರಡೂ ತೋಳು ಚಾಚಿ ನಿಂತಿತು. ಖಾಲ್ತಿ ತಮ್ಮ ಎರಡೂ ಕೈಗಳನ್ನು ಮಗುವಿಗೆ ಎಟುಕದಂತೆ ಮೇಲೆತ್ತಿ ಹಿಡಿದರು, ಹಿಟ್ಟು ಕಲಸುತ್ತಿದ್ದವರು ಎತ್ತುವ ಹಾಗೆ. ಆ ಕೈಗೆ ಎರಡು ವರ್ಷದಿಂದ ಹಿಟ್ಟು ಸೋಕಿಲ್ಲ. ಮಗು ಕಾದಿತು, ಅವರ ಮುಖ ನೋಡಿತು, ಮತ್ತೆ ಕಾದಿತು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಎತ್ತಿಕೊಳ್ಳಿ ಖಾಲ್ತಿ ಎಂದು ಕೂಗಿದ್ದರೆ ಸಾಕಿತ್ತು. ಅವರು ಆ ಬೆಳಗ್ಗೆ ಏನು ತಿಂದಿದ್ದಾರೋ, ಸೆರಗಿನಲ್ಲಿ ಏನಿದೆಯೋ ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು. ನಾನು ಕೂಗಲಿಲ್ಲ. ರನೀಮ್ ತೋಳು ಇಳಿಸಿ ವಾಪಸು ಬಂದಳು.