ಮಗ್ಗ ನಿಂತಾಗ ಬಂದ ದೆವ್ವ

ದೆವ್ವದ ಸಿನಿಮಾ ಅಂದ್ರ ನನಗ ಮೊದಲ ನಗಿ ಬರತಿತ್ರಿ. ಒಮ್ಮೆ ಇಚಲಕರಂಜ್ಯಾಗ ಪವರ್‌ಲೂಮ್ ರಿಪೇರಿಗೆ ಹೋಗಿದ್ದೆ. ಮಗ್ಗದ ಗದ್ದಲಕ್ಕ ಶೆಡ್ಡಿನ್ಯಾಗ ಎಲ್ಲಾರೂ ಕೈಸನ್ನೆ ಮಾಡೇ ಮಾತಾಡತಾರ. ಕಂಡಿಗೆ ನೂಲು ಸುತ್ತೋ ಶಾಂತವ್ವ ಮೊಬೈಲ್‌ನ್ಯಾಗ ಸಿನಿಮಾ ಹಚ್ಚಿದ್ಲು. ದೆವ್ವ ಬಾಗಲಾ ಹಿಂದ ಐತಿ ಅಂತ ಕೈಸನ್ನಿ ಮಾಡಿ ತೋರಿಸಿದ್ಲು. ನಟ್ಟು ತಿರುವೋ ಪಾನಾ ಹಿಡಕೊಂಡ ನಾನೂ ಬಗ್ಗಿ ನೋಡಿದೆ.

ಅಷ್ಟರಾಗ ಕರೆಂಟ್ ಹೋತು. ಮಗ್ಗ ಎಲ್ಲಾ ಒಮ್ಮೆಲೇ ಗಪ್ಪಾದವು. ಗದ್ದಲದಾಗ ಕೇಳಲಿ ಅಂತ ಆಕಿ ಆವಾಜ್ ಫುಲ್ ಇಟ್ಟಿದ್ಲು. ಮೊಬೈಲ್ ಕಿಟಾರ್ ಅಂತ ಚೀರಿತು!

ನಾ ಪಾನಾ ಒಗದು ಶಾಂತವ್ವನ ಬೆನ್ನ ಹಿಂದ ಅಡಗಿದೆ. ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು.

"ಯಾಕ್ರೀ ಅಣ್ಣಾ, ಚೀರಿದಾಕಿ ಹೀರೋಯಿನ್ ರೀ! ದೆವ್ವ ಇನ್ನೂ ಬರಬೇಕ್ರಿ," ಅಂದ್ಲು ಶಾಂತವ್ವ.

ಈಗ ನನಗ ಭಾಳ ಸೇರೋ ಸಿನಿಮಾ ಅಂದ್ರ ಅದೇ. ಮನ್ಯಾಗ ಆರು ಸಲ ನೋಡೀನ್ರಿ, ಆವಾಜ್ ಬಂದ್ ಮಾಡಿ.