ವಾರಕ್ಕೆ ಎರಡರಂತೆ ಇಳಿದ ಶುಗರ್

ಎರಡು ವರ್ಷಗಳ ಹಿಂದೆ ನಾನು ಎರ್ನಾಕುಲಂನಲ್ಲಿ ಒಂದು ಬ್ಯಾಂಕಿನ ಪ್ರಾದೇಶಿಕ ಕಚೇರಿಯ ಸಿಬ್ಬಂದಿ ಕಲ್ಯಾಣ ವಿಭಾಗದಲ್ಲಿ ಅಧಿಕಾರಿಯಾಗಿದ್ದೆ. ಮೈಸೂರಿನಿಂದ ವರ್ಗವಾಗಿ ಬಂದು ಐದು ತಿಂಗಳಾಗಿತ್ತು. ಸಕ್ಕರೆ ಕಾಯಿಲೆಯಿರುವ ನೌಕರರಿಗಾಗಿ ಮೊಬೈಲಿನಲ್ಲೇ ನಡೆಯುವ ಪಿಯರ್ ಸಪೋರ್ಟ್ ಗುಂಪೊಂದನ್ನು ರೂಪಿಸುವ ಕೆಲಸ ನನ್ನ ಪಾಲಿಗೆ ಬಂತು. ಇಂಥ ಗುಂಪಿನಲ್ಲಿ ಧೈರ್ಯ ಹೇಳುವವರು ವೈದ್ಯರಲ್ಲ, ಅದೇ ಕಾಯಿಲೆಯ ಜೊತೆ ಬದುಕುತ್ತಿರುವ ಸಹೋದ್ಯೋಗಿಗಳು.

ಇಪ್ಪತ್ಮೂರು ಜನ ಸೇರಿದರು. ಎಲ್ಲವನ್ನೂ ಎಣಿಸಿ ಬರೆದಿಡುವುದು ನನ್ನ ಅಭ್ಯಾಸ. ಪ್ರತಿ ಸೋಮವಾರ ಎಲ್ಲರೂ ಬರಿಹೊಟ್ಟೆಯ ಶುಗರ್ ಅಂಕಿ ಹಾಕಬೇಕು, ಕಡಿಮೆಯಿದ್ದವರ ಹೆಸರು ಮೇಲೆ ಬರುವ ಪಟ್ಟಿ ತಾನಾಗಿ ಸಿದ್ಧವಾಗಬೇಕು ಎಂದು ಏರ್ಪಾಡು ಮಾಡಿದೆ. ಆರು ವಾರ ಅಂಕಿಗಳು ತಪ್ಪದೆ ಬಂದವು; ಮಾತು ಬರಲಿಲ್ಲ. ಒಟ್ಟು ಸಂದೇಶ ಒಂಬತ್ತು, ಅವುಗಳಲ್ಲಿ ಏಳು ಗುಡ್ ಮಾರ್ನಿಂಗ್.

ಪಟ್ಟಿಯ ಮೊದಲಲ್ಲಿ ಯಾವಾಗಲೂ ಸದಾನಂದ ಸರ್. ಕಾಸರಗೋಡಿನವರು, ತಿರುವನಂತಪುರದ ಕಳಕ್ಕೂಟಂ ಶಾಖೆಯ ಹೆಡ್ ಕ್ಯಾಶಿಯರ್. ಅವರ ಅಂಕಿಗಳನ್ನು ಸಾಲಾಗಿ ಬರೆದಾಗ ಅನುಮಾನವಾಯಿತು: 118, 116, 114, 112, 110, 108. ಮನುಷ್ಯನ ರಕ್ತದ ಸಕ್ಕರೆ ಇಷ್ಟು ಶಿಸ್ತಾಗಿ ಇಳಿಯುವುದಿಲ್ಲ.

ಮರುದಿನ ಬೆಳಗಿನ ರೈಲು ಹಿಡಿದೆ. ಶಾಖೆಯ ಊಟದ ಕೋಣೆಯಲ್ಲಿ ಅವರು ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಚಪ್ಪಲಿ ಹಾಕಿ ಕೂತಿದ್ದರು. ಚಪ್ಪಲಿಯ ಕಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಹತ್ತು ದಿನದ ಗಾಯ; ಡಾಕ್ಟರಿಗೆ ತೋರಿಸಿರಲಿಲ್ಲ. ತೋರಿಸಿದರೆ ರಜೆ ಹಾಕಬೇಕು, ಮೊದಲ ಸ್ಥಾನದವನ ಬಣ್ಣ ಬಯಲಾಗುತ್ತದೆ ಎಂದರು. ಆ ಅಂಕಿಗಳೆಲ್ಲ ಎಲ್ಲಿಂದ ಬಂದವು ಎಂದು ಕೇಳಿದೆ.

“ಮೇಲಿನ ಆಫೀಸಿಗೆ ಕಮ್ಮಿ ಸಾಧನೆ ತೋರಿಸಿದ ಶಾಖೆ ಎಲ್ಲಿಯಾದರೂ ಉಂಟಾ ಮೇಡಂ? ಟಾರ್ಗೆಟ್ ಕೊಟ್ಟದ್ದು ನೀವು, ಮುಟ್ಟಿಸಿದ್ದು ನಾನು.”

ಆ ಬೆಳಿಗ್ಗೆಯ ನಿಜವಾದ ಅಂಕಿ 286. ಆಸ್ಪತ್ರೆಗೆ ಹೋಗೋಣ ಎಂದು ಅರ್ಧ ಗಂಟೆ ಹೇಳಿದೆ, ಕದಲಲಿಲ್ಲ. ಕೊನೆಗೆ, ಇದನ್ನು ಗುಂಪಿನಲ್ಲಾದರೂ ಬರೆಯಿರಿ ಎಂದೆ.

“ಮೊದಲು ನೀವು ಆ ಪಟ್ಟಿ ತೆಗೀರಿ.”

ಅವರ ಎದುರೇ ತೆಗೆದೆ. ಅವರು ಅಂಕಿಯನ್ನೂ ಗಾಯದ ಫೋಟೋವನ್ನೂ ಹಾಕಿದರು. ನಾಲ್ಕು ನಿಮಿಷದಲ್ಲಿ ಉತ್ತರ ಬಂತು. ಎಡಪ್ಪಳ್ಳಿ ಶಾಖೆಯ ಲಿಸಿ ಮಲಯಾಳದಲ್ಲಿ, ಅಣ್ಣಾ ಎಂದು ಕರೆದು ಬರೆದಿದ್ದರು. ಪಟ್ಟಿಯಲ್ಲಿ ಸದಾ ಕೊನೆಯವರು, ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದವರು.

“ಚೇಟ್ಟಾ, ನಾನೂ ಹೀಗೇ ಮುಚ್ಚಿಟ್ಟಿದ್ದೆ. ಒಂದು ಬೆರಳು ಹೋಯಿತು. ಊಟದ ಹೊತ್ತೆಂದು ಕೂರಬೇಡಿ, ಈಗಲೇ ಹೊರಡಿ.”

ಸದಾನಂದ ಸರ್ ಎರಡು ಸಲ ಓದಿದರು. ಊಟದ ಡಬ್ಬಿ ಮುಚ್ಚಿ, ಆಟೋ ಕರೆಯಲು ಹೇಳಿದರು. ಆಸ್ಪತ್ರೆಯಲ್ಲಿ ಗಾಯ ಶುಚಿಮಾಡಿ ಇನ್ಸುಲಿನ್ ಶುರುಮಾಡಿದರು. ಏಳು ವಾರಕ್ಕೆ ಗಾಯ ಮಾಯಿತು, ಬೆರಳು ಉಳಿಯಿತು.

ಇಂಥ ಸೇವೆಯನ್ನು ರೂಪಿಸುವಾಗ ಈಗ ನಾನು ಮೊದಲು ನೋಡುವುದು, ಕೆಟ್ಟ ಸುದ್ದಿ ಇರುವವರು ಅದನ್ನು ಇಲ್ಲಿ ಹೇಳಬಹುದೇ ಎಂಬುದನ್ನು. ಆ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ನೆರವಾಗಬಲ್ಲವರನ್ನು ನಾನೇ ಆರು ವಾರ ಎಲ್ಲರಿಗಿಂತ ಕೆಳಗೆ ಕೂರಿಸಿದ್ದೆ.